ಅರ್ಧ ನಿಮಿಷಕ್ಕೊಮ್ಮೆ ಎವೆಯಿಕ್ಕಿ

ಸಿಲ್ಯಾ, ನೀನು ಕೇಳಿದ್ದೆ ಹೇಗೆಂದು.
ಕಷ್ಟವೇನಿಲ್ಲ. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನ್ ಸಾಕು.
ಗಾಜಿನ ಮೂಲೆ ಒಡೆದಿದ್ದರೂ ಚಿಂತೆಯಿಲ್ಲ,
ಕಣ್ಣೊಂದು ಸರಿಯಿದ್ದರೆ ಆಯಿತು.
ಮೊದಲು ಅದರ ಸಿಮ್ ಕಿತ್ತುಬಿಡು.
ನಾನು ಕಿತ್ತಿರಲಿಲ್ಲ. ಮೊದಲ ಸಂಜೆ
ಹಲ್ಲಿನ ಡಾಕ್ಟರ ಕಡೆಯಿಂದ ಕರೆ ಬಂದು
ಚಿತ್ರ ನಿಂತೇಹೋಯಿತು. ನಾನು ಮಾತ್ರ
ಯಾರೋ ನೋಡುತ್ತಿದ್ದಾರೆಂದು ಬೆನ್ನು ನೆಟ್ಟಗೆ ಮಾಡಿಕೊಂಡು
ಒಂದು ಗಂಟೆ ಕೀಸುಳಿ ತಳ್ಳಿದೆ.
ಆ ಸಂಜೆ ಲೆಕ್ಕಕ್ಕಿಲ್ಲ.

ಗ್ಯಾರೇಜಿನ ಎತ್ತರದ ಹಲಗೆಯ ಮೇಲೆ,
ಬಣ್ಣದ ಡಬ್ಬಿಗಳ ನಡುವೆ ಬಿಗಿದು ಕೂರಿಸು.
ಕೆಲಸದ ಬೆಂಚಿನ ಮೇಲೆ ಮಾತ್ರ ಬೇಡ,
ಸುತ್ತಿಗೆಯ ಒಂದೊಂದು ಏಟಿಗೂ
ಇಡೀ ಕೆಮಿ ಊರಿಗೆ ಭೂಕಂಪವಾದಂತೆ ಕಾಣುತ್ತದೆ.
ಚಾರ್ಜರ್ ಕಚ್ಚಿಕೊಂಡೇ ಇರಲಿ, ಹಾಲು ಬಿಡದ ಕೂಸಿನ ಹಾಗೆ.
ಫೋಕಸ್ಸಿಗೂ ಬೆಳಕಿಗೂ ಬೆರಳೊತ್ತಿ ಬೀಗ ಹಾಕು,
ಇಲ್ಲದಿದ್ದರೆ ಬಿಳಿ ಅಂಗಿ ತೊಟ್ಟು ನೀನು ಅಡ್ಡ ಬಂದಾಗಲೆಲ್ಲ
ಕೋಣೆ ಬೆಚ್ಚಿ ಮಂಕಾಗುತ್ತದೆ.

ಬೇರೆ ಕಡೆಯವರು ಕಿಟಕಿಗೆ ರಟ್ಟು ಹೊಡೆಯುತ್ತಾರಂತೆ,
ಮೋಡ ಸರಿದಂತೆಲ್ಲ ಚಿತ್ರ ಮಿಣುಕುತ್ತದೆಂದು.
ನಮಗೆ ಡಿಸೆಂಬರ್ ಇದೆ. ಎರಡಕ್ಕೆಲ್ಲ ಕತ್ತಲು.
ಅರವತ್ತಮೂರು ವರ್ಷ ಬೈದ ಕತ್ತಲಿಗೆ
ಮೊದಲ ಸಲ ಒಂದು ಒಳ್ಳೆಯ ಮಾತಾಡಿದೆ.

ಎಷ್ಟು ಹೊತ್ತಿಗೊಂದು ಚಿತ್ರ? ಕೆಲಸವನ್ನೇ ಕೇಳು.
ಉಳಿಯ ಕೆಲಸಕ್ಕೆ ಐದು ಸೆಕೆಂಡು.
ಅಂಟು ಒಣಗುವುದಕ್ಕೆ ಐದು ನಿಮಿಷವೂ ಅವಸರವೇ.
ನಾನು ಸೋಮಾರಿ, ಎಲ್ಲಕ್ಕೂ ಅರ್ಧ ನಿಮಿಷವೆಂದೆ.
ಹನ್ನೊಂದು ಸಂಜೆ, ಮೂರು ಮೂರು ಗಂಟೆ,
ಮೂರು ಸಾವಿರದ ಒಂಬೈನೂರ ಅರವತ್ತು ಚಿತ್ರ.
ಪೋಣಿಸಿ ಓಡಿಸಿದರೆ ಎರಡು ನಿಮಿಷ ಹನ್ನೆರಡು ಸೆಕೆಂಡು.
ಅಷ್ಟು ಹೊತ್ತನ್ನು ಹೊತ್ತುಕೊಂಡು ಬಂದದ್ದು
ಒಂದು ಒದೆಬಂಡಿ: ಬರ್ಚ್ ಮರದ ಪೀಠ,
ಉಕ್ಕಿನ ಎರಡು ನೀಳ ಕಾಲು.
ಹಿಂದೆ ನಿಂತು ಒಂಟಿಗಾಲಲ್ಲಿ ಹಿಮವನ್ನು ಒದ್ದರೆ
ಅಂಗಡಿಗೂ ಹೋಗುತ್ತದೆ, ಸಮುದ್ರಕ್ಕೂ.

ನೋಡಿದೆ. ನಾನೆಲ್ಲಿ?
ಇಲ್ಲಿ ಮೊಣಕೈ, ಅಲ್ಲಿ ಬೆನ್ನು, ನೊಣದ ಹಾಗೆ.
ಮರದ ಹೊಟ್ಟು ತಾನಾಗಿ ಗುಡ್ಡೆಯಾಗುತ್ತದೆ,
ತಾನಾಗಿ ಮಾಯವಾಗುತ್ತದೆ.
ಹಬೆಯಲ್ಲಿ ಬೆಂದ ಪಟ್ಟಿ ಬಗ್ಗಿಸುವಾಗ ಸೀಳಿತು,
ಅರೆಗಳಿಗೆ ನಾನು ಅತ್ತೆ;
ಅದು ಎರಡು ಮಿಟುಕುಗಳ ನಡುವೆ ಜಾರಿಹೋಗಿದೆ.
ಯಾರೂ ನೋಡಲಿಲ್ಲ ಅಂದುಕೊಂಡೆ.

ಬಾಗಿಲ ಬಳಿ ಓಯ್ವಾ.
ಪಕ್ಕದ ಮನೆಯ ಪೆಲ್ಕೊನೆನ್, ಬಂದರಿನಲ್ಲಿ ಕ್ರೇನ್ ನಡೆಸಿದವನು.
ನಾನು ದೀಪ ಹಾಕುವಾಗ ಬಂದು ಆರಿಸುವಾಗ ಹೋಗುತ್ತಿದ್ದ,
ಟೋಪಿ ತೆಗೆಯದೆ, ಕೈ ಜೇಬಿನಿಂದ ತೆಗೆಯದೆ.
ಅಪರೂಪಕ್ಕೊಮ್ಮೆ "ಹ್ಞೂಂ" ಅನ್ನುತ್ತಿದ್ದ.
ನಾನು ತಿರುಗಿ ನೋಡಿದವಳಲ್ಲ.
ದುಡಿದವಳು ಹೊಗೆ, ನಿಂತವನು ಕಂಬ.
ಅವನ ಕೋಟಿನ ಗುಂಡಿ ಎಣಿಸಬಹುದು:
ನಾಲ್ಕು, ಮೇಲಿನದಕ್ಕೆ ಬೇರೆ ಬಣ್ಣದ ದಾರ.

ಎಂಟನೆಯ ಸಂಜೆ ಅವನಿಲ್ಲ.
ಹನ್ನೆರಡು ಸೆಕೆಂಡು ಬಾಗಿಲ ಬಳಿ ಬರೀ ಬಾಗಿಲು.
ಆ ದಿನ ನನ್ನ ಗಮನಕ್ಕೇ ಬಂದಿರಲಿಲ್ಲ.
ಈಗ ಎಷ್ಟು ಸಲ ಓಡಿಸಿದರೂ
ಆ ಹನ್ನೆರಡು ಸೆಕೆಂಡು ಬೇಗ ಮುಗಿಯುವುದಿಲ್ಲ.

ಬೇಲಿಯಾಚೆಯಿಂದ ಕೇಳಿದೆ: ಆ ಗುರುವಾರ ಎಲ್ಲಿದ್ದೆ?
ಯೋಚಿಸಿದ. ಐದಾರು ಚಿತ್ರ ಬೀಳುವಷ್ಟು ಹೊತ್ತು.
"ಕೊಲ್ಲಿಯ ಮಂಜುಗಡ್ಡೆಗೆ ತೂತು ಕೊರೆದು ನೋಡಲು ಹೋಗಿದ್ದೆ.
ಹದಿನೆಂಟು ಸೆಂಟಿಮೀಟರ್.
ನಿನ್ನ ಬಂಡಿ ತಡೆಯುತ್ತದೆ."

ಅಂದಹಾಗೆ, ಲೆನ್ಸಿನ ಮೇಲೆ ಧೂಳು ಕೂರುತ್ತದೆ,
ದಿನಾ ಒರೆಸು.
ನಿನ್ನ ಸ್ಟೂಲೊಂದೇ ಚೌಕಟ್ಟು ತುಂಬುವ ಹಾಗೆ ಇಡಬೇಡ.
ಸ್ವಲ್ಪ ಅಗಲವಿರಲಿ, ಸಿಲ್ಯಾ,
ಬಾಗಿಲೂ ಬರುವಷ್ಟು.